ಪಾತರಗಿತ್ತಿಗಳನ್ನರಿತ ಮೂವರು

ಹೋದ ದೀಪಾವಳಿಯ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಕೇಶ್ವಾಪುರದಿಂದ ಹೊರಟು, ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲಿರುವ ಪಾತರಗಿತ್ತಿಯ ಉದ್ಯಾನವನ್ನು ನೋಡಿಬಂದೆವು. ಮೈಸೂರು ಸೀಮೆಯವರು ಚಿಟ್ಟೆಯೆಂದು ಕರೆಯುವದನ್ನೇ ನಮ್ಮ ಕಡೆಯವರು ಪಾತರಗಿತ್ತಿ ಎನ್ನುವರಷ್ಟೆ. 2006ನೆಯ ಇಸವಿಯ ನವೆಂಬರ 25ರಂದು ತೆರೆಯಲ್ಪಟ್ಟ ಈ ಉದ್ಯಾನವು ಈ ಬಗೆಯವುಗಳಲ್ಲಿ ಭಾರತಕ್ಕೆ ಮೊದಲನೆಯದು. ಕರ್ನಾಟಕ ಮೃಗಾಲಯ ಪ್ರಾಧಿಕಾರ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಏಟ್ರೀ ಎಂಬ ಪರಿಸರ ಸಂಶೋಧನ ಸಂಸ್ಥೆ ಇವು ಕೂಡಿ 7.5 ಎಕರೆ ನೆಲದಲ್ಲಿ ಇದನ್ನು ನಿರ್ಮಿಸಿರುವವು. ಇದರ ನಡುವೆ ಸುಮಾರು 10,000 ಚದರ ಅಡಿಯ ದುಂಡನೆಯ ಮಂದಿರ. ಅದಕ್ಕೆ ಬೆಳಕು ತೂರುವ ಮಾಡು. ಒಳಗೆ ಹೂಗಿಡಗಳು, ನೀರಿನ ತಂಪು. ತಲೆಯ ಮೇಲೆ, ಭುಜದ ಬದಿಯಲ್ಲಿ, ಎಲ್ಲೆಲ್ಲಿಯೂ ರೆಕ್ಕೆಗಳ ಸುಳಿದಾಟ.

ಹೀಗೆ ಜೀವಂತ ಕೀಟಗಳನ್ನು ಮನೆಯೊಳಗೆ ಸಾಕಿ ಜನರಿಗೆ ತೋರಿಸುವ ಪದ್ಧತಿಯು ಬಹಳ ಹಳೆಯದಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1881ರಲ್ಲಿ ಕೀಟಗಳಿಗಾಗಿಯೇ ಒಂದು ಮನೆಯಾಯಿತು. 1970ರ ದಶಕದಲ್ಲಿ ಗರ್ನ್‌ಸಿ ದ್ವೀಪದೊಳಗೆ ಟೊಮೇಟೊ ಬೆಳೆಯುತ್ತಿದ್ದ ಗಾಜಿನ ಮನೆಯೊಂದು ಪಾತರಗಿತ್ತಿಯ ಮನೆಯಾಗಿ ಮಾರ್ಪಟ್ಟಿತು.

ನಾವು ಅಲ್ಲಿರುವಾಗ ಕರಿಯ ರೆಕ್ಕೆಯ ಮೇಲೆ ಬಿಳಿಯ ಚುಕ್ಕೆಗಳ ಸಾಲುಳ್ಳ ಪಾತರಗಿತ್ತಿಯೊಂದು ನಮ್ಮ ತಾಯಿಯವರ ಎದುರಿಗೇ ಬಂದು ಕುಳಿತಿತು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, “ಇದು ನಮ್ಮ ಹಿತ್ತಲದ ಕರಿಬೇವಿಗೆ ಬರೂದಽ ಅಲ್ಲೇನೋ?” ಎಂದರು. ಅಹುದು, ಅದೇ. ಅದರ ಹುಳವು ಕರಿಬೇವು, ನಿಂಬೆಗಳ ಎಲೆಯನ್ನು ತಿಂದು ಬೆಳೆಯುವದು. ಎಳೆತನದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಂಡು ವೈರಿಗಳನ್ನು ವಂಚಿಸುವದು. ಬಲಿತ ಮೇಲೆ ಎಲೆಯಂತೆ ಹಸುರಾಗುವದು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡುಗಳನ್ನು ಚಾಚಿ ದುರ್ವಾಸನೆ ಬೀರುವದು. ಇದನ್ನು ಕೇಳಿದ ನನ್ನ ಮಗಳು ಕೂಡಲೆ, “ಹಂಗಾರ ನೀ ದಿನಾ ಕಿತ್ತು ಒಗೀತಿದ್ದದ್ದು ಇದರ ಹುಳಾನಽ ಏನಜ್ಜಿ?” ಎಂದಳು. ತಾಯಿಯವರು ಸುಮ್ಮನಾದರು.

ಆ ಮಾತು ನನಗೆ ನೂರು ವರ್ಷಗಳಿಗೂ ಹಿಂದಿನ ಸಂಗತಿಯೊಂದನ್ನು ನೆನಪಿಗೆ ತಂದಿತು. ಯಾವ ಹುಳವು ಯಾವ ಪಾತರಗಿತ್ತಿಯಾಗುವದು ಎಂಬ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳು ದುಡಿದರು. ಆಗ ಧಾರವಾಡದಂತೆ ಆ ಜಿಲ್ಲೆಯೂ ಮುಂಬಯಿ ಇಲಾಖೆಗೆ ಸೇರಿದ್ದಿತು. ಒಬ್ಬರು ಕಲೆಕ್ಟರರಾಗಿದ್ದ ಜೇಮ್ಸ್ ಡೇವಿಡ್‌ಸನ್. ಇನ್ನೊಬ್ಬರು ಸುಂಕ ಮತ್ತು ಉಪ್ಪಿನ ಖಾತೆಯ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್. 1851ರಲ್ಲಿ ಸಾತಾರೆಯಲ್ಲಿ ಹುಟ್ಟಿದ ಇವರು 1883ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘವನ್ನು ಸ್ಥಾಪಿಸಿದ ಎಂಟು ಜನರಲ್ಲಿ ಒಬ್ಬರು. ಮೂರನೆಯವರು ಅರಣ್ಯಖಾತೆಯ ಥಾಮಸ್ ರೀಡ್ ಬೆಲ್. ಐರ್ಲಂಡದವರಾದ ಇವರ ಚಾಕರಿಯು ಮೊದಲಾದದ್ದು ನಮ್ಮ ಧಾರವಾಡದಲ್ಲಿಯೇ.

ಬಲೆಬೀಸಿ ಹಿಡಿದು ಸೂಜಿಗೆ ಚುಚ್ಚಿಡುವವರು ಆಗ ಬಹಳ ಜನರಿದ್ದರು. ಇವರ ಹೆಚ್ಚಳವು ಬೇರೆ. ಹುಳಗಳನ್ನು ಅವುಗಳ ಮೇವಿನ ಗಿಡದ ಮೇಲೆ ಹುಡುಕಿ ತಂದು, ಅದೇ ಎಲೆಯನ್ನುಣಿಸಿ, ಅವು ಕೋಶ ಕಟ್ಟಿ ರೆಕ್ಕೆಬಿಚ್ಚುವ ತನಕ ಕಾದು ನೋಡಿ ಬರೆದಿಟ್ಟರು. ಮೂವರೂ ಕೂಡಿ ಬರೆದ ಉತ್ತರ ಕನ್ನಡದ ಪಾತರಗಿತ್ತಿಗಳ ವರ್ಣನೆಯು 1896ರಿಂದ ಆ ಸಂಘದ ಪತ್ರಿಕೆಯಲ್ಲಿ ಬಂದಿತು. ಬಯಲುಸೀಮೆಯ ಸಾಮಾನ್ಯ ಪಾತರಗಿತ್ತಿಗಳನ್ನು ಕುರಿತ ಬೆಲ್ಲರ ಲೇಖನಮಾಲೆಯು 1909ರಲ್ಲಿ ಮೊದಲಾಗಿ 1927ರ ವರೆಗೆ ನಡೆಯಿತು. ನಿವೃತ್ತರಾದ ಮೇಲೂ ಅವರು ಸ್ವದೇಶಕ್ಕೆ ಮರಳಲಿಲ್ಲ. ಕಾರವಾರದಲ್ಲಿಯೇ ನೆಲೆಸಿ 1948ರಲ್ಲಿ ತೀರಿಕೊಂಡರು.

ಬನ್ನೇರುಘಟ್ಟದ ಮಂದಿರವು ಬಾಳುತ್ತಿರುವದೂ ಇದೇ ಅರಿವಿನ ಮೇಲೆಯೇ. ಹೂವಿನ ಮಕರಂದವು ರೆಕ್ಕೆ ಬಂದ ಮೇಲಿನ ಮಾತು. ಹುಳದ ಮೇವಿಲ್ಲದೆ ಸಂತತಿಯೇ ಇಲ್ಲ. ನಮ್ಮ ರಾಜ್ಯದ ಪಾತರಗಿತ್ತಿಯೆಂದು 2017ರ ಹೊತ್ತಿಗೆ ಗೌರವ ಪಡೆದ ಸದರ್ನ್ ಬರ್ಡ್‌ವಿಂಗ್ ಎಂಬ ಹಿರಿಯ ರೆಕ್ಕೆಯ ಪ್ರಾಣಿಗೂ ಈಶ್ವರಬಳ್ಳಿ ಮತ್ತು ಅದರ ಕುಲದ ಬಳ್ಳಿಗಳೇ ಆಧಾರ. ಬಳ್ಳಿ ಹೋದರೆ ಬಿರುದು ಮಾತ್ರ ಉಳಿದೀತು.

ಪರದೇಶದವರು ನಮ್ಮ ಗಿಡಗಳ ಹುಳವನ್ನು ಮಕ್ಕಳಂತೆ ಸಾಕಿ ಅರಿತರು. ಅವರ ಬರಹವು ಇಂಗ್ಲಿಷಿನಲ್ಲಿ ನಿಂತಿತು. ನಾವಾದರೋ ಹಿತ್ತಲಲ್ಲಿ ಅದನ್ನು ಕಿತ್ತೊಗೆದು, ರಾತ್ರಿಯೆಲ್ಲ ಪ್ರಯಾಣ ಮಾಡಿ, ಚೀಟಿ ಕೊಂಡು ಅದರ ರೆಕ್ಕೆಯನ್ನು ನೋಡಿಬಂದೆವು. ಇದರಲ್ಲಿ ನಗುವದಕ್ಕಿಂತ ನಾಚುವದೇ ಹೆಚ್ಚು.

ಊರಿಗೆ ಮರಳಿದ ಮರುದಿನ ಕರಿಬೇವಿನ ಮೇಲೆ ಎರಡು ಹಸುರು ಹುಳಗಳಿದ್ದವು. ಮಗಳು ಓಡಿಬಂದು ಅಜ್ಜಿಗೆ ತೋರಿಸಿದಳು. ತಾಯಿಯವರು ಒಗ್ಗರಣೆಗೆಂದು ಬೇರೆ ಟೊಂಗೆಯ ಎಲೆಯನ್ನು ಹರಿದುಕೊಂಡು, “ಇರಲಿ ಬಿಡವಾ, ತಿನ್ನಲಿ” ಎಂದು ಒಳಗೆ ಹೋದರು.