ಮೊಳೆಯಿಂದ ಯೂನಿಕೋಡಿಗೆ

1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ವಿಳಾಸದಿಂದ ಧಾರವಾಡ ಜಿಲ್ಲೆಯ ಹೆಸರು ಹೋಯಿತು. ಲೆಟರ್‌ಹೆಡ್, ರಸೀದಿ ಪುಸ್ತಕಗಳನ್ನು ಹೊಸದಾಗಿ ಜೋಡಿಸಬೇಕಾದ ಕಾಲ. ಅಕ್ಷರ ಜೋಡಣೆಯೂ ಸೀಸದ ಮೊಳೆಗಳನ್ನು ಬಿಟ್ಟು ಗಣಕಯಂತ್ರದತ್ತ ಸಾಗುತ್ತಿದ್ದ ದಶಕವದು.

ಡಿಟಿಪಿ ಕಲಿಯುವ ನೀವು ಮೊದಲು ತಿಳಿಯಬೇಕಾದುದಿಷ್ಟು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಅಂದಿನ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡಕ್ಕೆ ಅದು ಎಲ್ಲಿ ಸಾಕು? ಆದ್ದರಿಂದ ಅಕ್ಷರವನ್ನು ತುಂಡರಿಸಿ ತಲೆಕಟ್ಟು, ಕೊಂಬು, ಒತ್ತುಗಳನ್ನು ಬೇರೆಬೇರೆ ಮನೆಗಳಲ್ಲಿಟ್ಟರು. ಆದರೆ ಪ್ರತಿ ತಯಾರಕರೂ ತಮಗೆ ತೋಚಿದ ಮನೆಯಲ್ಲಿಟ್ಟರು! ಹೀಗಾಗಿ ಒಂದೂರಿನಲ್ಲಿ ಜೋಡಿಸಿದ ಲಗ್ನಪತ್ರಿಕೆ, ಆ ಫಾಂಟಿಲ್ಲದ ಇನ್ನೊಂದೂರಿನ ಪರದೆಯ ಮೇಲೆ ಅರ್ಥವಿಲ್ಲದ ಗೀಟುಗಳ ಸಂತೆ. ಫ್ಲಾಪಿಯ ಜೊತೆ ಫಾಂಟನ್ನೂ ಒಯ್ಯಬೇಕಿತ್ತು.

ಕೀಲಿಮಣೆಯ ಗೊಂದಲಕ್ಕೆ ಕೆ. ಪಿ. ರಾವ್ ಅವರ ವಿನ್ಯಾಸ ಒಳ್ಳೆಯ ಉತ್ತರವಾಯಿತು. ಉಚ್ಚಾರಣೆಗೆ ಹೊಂದುವ ಕೀಲಿ. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸಿದವರಿಗೆ ಇದು ಪರಿಚಿತ.

ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವನ್ನು ಕೊಟ್ಟಿತ್ತು. ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಕೊನೆಗೂ ಒಗ್ಗಲಿಲ್ಲ. ಅದನ್ನೇ ನಂಬಿದ್ದ ಅಂಗಡಿಗಳು ಹಳೆಯ ಫಾಂಟಿಗೇ ಅಂಟಿಕೊಂಡವು, ಅವರನ್ನು ದೂರುವಂತಿಲ್ಲ. ನಷ್ಟವಾದದ್ದು ಕಡತಗಳಿಗೆ. ಅಂಥ ಪುಟವನ್ನು ಹಾಗೆಯೇ ಅಂತರ್ಜಾಲಕ್ಕೆ ಹಾಕಿದರೆ, ‘ಸವಣೂರು’ ಎಂದು ಹುಡುಕಿದವರಿಗೆ ಅದು ಸಿಗದು.

ನಿಮ್ಮಲ್ಲಿ ಹಳೆಯ ಕಡತಗಳಿದ್ದರೆ ಮೊದಲು ಫಾಂಟಿನ ಹೆಸರನ್ನು ಬರೆದಿಟ್ಟುಕೊಳ್ಳಿರಿ. ಬಳಿಕ ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿರಿ.