ಇಂಗ್ಲಿಷ್ ಬರಹದಲ್ಲಿ ಪದವಿಭಜನೆ

ಸಾಲಿನ ಕೊನೆಯಲ್ಲಿ ಹಿಡಿಸದ ಪದವನ್ನು ಒಡೆದು, ಹೈಫನ್ ಹಾಕಿ, ಉಳಿದ ಭಾಗವನ್ನು ಮುಂದಿನ ಸಾಲಿಗೆ ಒಯ್ಯುವ ಪದ್ಧತಿ. ಕನ್ನಡದ ಗುಣಿತಾಕ್ಷರದಲ್ಲಿ ವ್ಯಂಜನ, ಸ್ವರ ಎರಡೂ ಕೂಡಿಕೊಂಡಿರುವುದರಿಂದ ಪದವನ್ನು ಎಲ್ಲಿ ಒಡೆಯಬಹುದೆಂಬುದು ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಬರಹದಲ್ಲಿ ಉಚ್ಚಾರಾಂಶದ ಗಡಿಗೆ ಗುರುತಿಲ್ಲ. ಹೀಗಾಗಿ ಅದನ್ನು ಗೊತ್ತುಮಾಡುವ ಹೊಣೆ ಮುದ್ರಕರು, ಶಿಕ್ಷಕರು, ನಿಘಂಟುಕಾರರ ಮೇಲೆ ಬಿತ್ತು.

ಆರಂಭ
ಸಾಲಿನಂಚಿನ ಗೀಟು ಮಧ್ಯಯುಗದ ಹಸ್ತಪ್ರತಿಗಳಲ್ಲೇ ಇತ್ತು. 1455ರ ಸುಮಾರಿಗೆ ಗುಟೆನ್‌ಬರ್ಗ್ ಮುದ್ರಿಸಿದ 42 ಸಾಲುಗಳ ಲ್ಯಾಟಿನ್ ಬೈಬಲಿನಲ್ಲಿ ಓರೆಯಾದ ಜೋಡಿಗೀಟಿನ ಹೈಫನ್ ಅಂಕಣದ ಅಂಚಿನಿಂದ ಹೊರಚಾಚಿದೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣವನ್ನು ತಂದ.

ಉಚ್ಚಾರಣೆ ಮತ್ತು ವ್ಯುತ್ಪತ್ತಿ
ಮಕ್ಕಳಿಗೆ ಓದು ಕಲಿಸಲು ಥಾಮಸ್ ಡಿಲ್ವರ್ತ್ 1740ರಲ್ಲಿ ಪ್ರಕಟಿಸಿದ ಪಠ್ಯವು 'ಹ್ಯಾಬಿಟ್' ಪದವನ್ನು 'ಎ' ಅಕ್ಷರದ ನಂತರ ಒಡೆಯುತ್ತಿತ್ತು. ಸ್ವರದಲ್ಲಿ ಮುಗಿಯುವ ತುಂಡನ್ನು ದೀರ್ಘವಾಗಿ ಓದುವುದು ರೂಢಿ. ಮಗು ಅದನ್ನು 'ಹೇ-ಬಿಟ್' ಎಂದೇ ಓದಬೇಕಾಗುತ್ತಿತ್ತು. 1783ರ ತನ್ನ ಕಾಗುಣಿತ ಪುಸ್ತಕದಲ್ಲಿ ಅಮೆರಿಕದ ನೋಹ ವೆಬ್‌ಸ್ಟರ್ 'ಬಿ' ಅಕ್ಷರವನ್ನು ಮೊದಲ ತುಂಡಿಗೆ ಸೇರಿಸಿದ. ಸ್ವರ ಹ್ರಸ್ವವಾಯಿತು, ಬರಹ ಮಾತಿಗೆ ಹತ್ತಿರವಾಯಿತು. ಅಮೆರಿಕದ ನಿಘಂಟುಗಳು ಈ ದಾರಿ ಹಿಡಿದವು. ಬ್ರಿಟಿಷ್ ಮುದ್ರಕರು ಪದದ ಮೂಲರೂಪಕ್ಕೆ ಹೆಚ್ಚು ಬೆಲೆ ಕೊಟ್ಟರು. 'ನಾಲೆಡ್ಜ್' ಪದದಲ್ಲಿ 'ನೋ' ಎಂಬ ಧಾತುವನ್ನು ಅವರು ಇಡಿಯಾಗಿ ಉಳಿಸಿದರೆ, ಅಮೆರಿಕನ್ನರು ಮುಂದಿನ 'ಎಲ್' ಅಕ್ಷರವನ್ನೂ ಅದಕ್ಕೇ ಸೇರಿಸುತ್ತಾರೆ.

ಸ್ವರಚಿಹ್ನೆಗಳು
ಪದವನ್ನು ಒಡೆದು ತೋರಿಸಿದರೂ ಐದೇ ಸ್ವರಾಕ್ಷರಗಳು ಹಲವು ಧ್ವನಿಗಳನ್ನು ಹೊರಬೇಕಾದ್ದರಿಂದ ಥಾಮಸ್ ಶೆರಿಡನ್ (1780) ಮತ್ತು ಜಾನ್ ವಾಕರ್ (1791) ತಮ್ಮ ನಿಘಂಟುಗಳಲ್ಲಿ ಸ್ವರಗಳ ತಲೆಯ ಮೇಲೆ ಅಂಕಿಗಳನ್ನಿಟ್ಟರು. ಈ ಗುರುತುಗಳು ನಿಘಂಟಿನಲ್ಲೇ ಉಳಿದವು, ದಿನಬಳಕೆಯ ಬರಹಕ್ಕೆ ಇಳಿಯಲಿಲ್ಲ. ಅಕ್ಕಪಕ್ಕದ ಸ್ವರಗಳನ್ನು ಬಿಡಿಸಿ ಓದಲು ಸೂಚಿಸುವ ಜೋಡಿಚುಕ್ಕಿಯನ್ನು 'ದಿ ನ್ಯೂಯಾರ್ಕರ್' ಪತ್ರಿಕೆ 'ಕೋಆಪರೇಟ್'ನಂಥ ಪದಗಳಲ್ಲಿ ಇಂದಿಗೂ ಬಳಸುತ್ತದೆ.

ಗಣಕಯುಗ
ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕನೂತ್ ಅವರ ವಿದ್ಯಾರ್ಥಿ ಫ್ರಾಂಕ್ಲಿನ್ ಲಿಯಾಂಗ್ 1983ರ ಪಿಎಚ್.ಡಿ. ಪ್ರಬಂಧದಲ್ಲಿ ಅಕ್ಷರವಿನ್ಯಾಸಗಳಿಂದ ಒಡೆಯುವ ಜಾಗವನ್ನು ಗುರುತಿಸುವ ಕ್ರಮವನ್ನು ರೂಪಿಸಿದರು. ಕೆಲವು ವಿನ್ಯಾಸಗಳು ಒಡೆಯಲು ಒಪ್ಪುತ್ತವೆ, ಕೆಲವು ತಡೆಯುತ್ತವೆ. ಹೆಚ್ಚಿನ ಅಂಕಿ ಪಡೆದದ್ದರ ಮಾತು ನಡೆಯುತ್ತದೆ. ಇಂಥ 4447 ವಿನ್ಯಾಸಗಳು ನಿಘಂಟಿನ ಹೈಫನ್‌ಗಳಲ್ಲಿ ಶೇ. 89ರಷ್ಟನ್ನು ಪತ್ತೆಮಾಡಿದವು. ಕನೂತ್ ಅವರ 'ಟೆಕ್' ತಂತ್ರಾಂಶದ ಮೂಲಕ ಹರಡಿದ ಈ ಕ್ರಮವು ಮುಂದೆ ಕನ್ನಡಕ್ಕೂ ಅಳವಟ್ಟಿತು. ಇಂಗ್ಲಿಷಿಗೆ ಜೊತೆಗಿಟ್ಟ 14 ಅಪವಾದಗಳಲ್ಲಿ 'ಪ್ರೆಸೆಂಟ್' ಒಂದು. ನಾಮಪದವಾದರೆ 'ಎಸ್' ನಂತರ, ಕ್ರಿಯಾಪದವಾದರೆ 'ಇ' ನಂತರ ಒಡೆಯಬೇಕಾದ ಈ ಪದದ ಕಾಗುಣಿತ ಎರಡಕ್ಕೂ ಒಂದೇ. ಅರ್ಥ ತಿಳಿಯದ ಯಂತ್ರ ತಪ್ಪು ಮಾಡದಿರಲೆಂದು ಅದನ್ನು ಒಡೆಯದೆ ಇಡಿಯಾಗಿಯೇ ಬಿಡಲಾಯಿತು.