ಮರದ ಗಡಿಯಾರದ ದಂಡಿಗೆ

ಶುಭಕಾರ್ಯದ ಮಾತು ಬಂದರೆ ನಾವು ಇಂದಿಗೂ 'ಒಳ್ಳೆಯ ಗಳಿಗೆ' ಎನ್ನುತ್ತೇವೆ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ, ಅದು ತುಂಬಿ ಮುಳುಗುವ ವೇಳೆಯೇ ಗಳಿಗೆ. ಎಂದರೆ 24 ನಿಮಿಷ. ಅಂಥ 60 ಗಳಿಗೆಗೆ ಒಂದು ದಿನ. ಮದುವೆಯ ಮನೆಯಿಂದ ಬಟ್ಟಲು ಮರೆಯಾಯಿತು, ಮಾತು ಉಳಿಯಿತು.

ಯುರೋಪಿನವರು 14ನೆಯ ಶತಮಾನದ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದರು. ತೂಗಬಿಟ್ಟ ಭಾರವು ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಮೇಲೆ ತಕ್ಕಡಿಯ ದಂಡಿಗೆಯಂಥ ಅಡ್ಡಪಟ್ಟಿಯು ಅತ್ತಿತ್ತ ಹೊರಳುತ್ತ, ಗಾಲಿಯನ್ನು ಒಂದೊಂದೇ ಹಲ್ಲಿಗೆ ತಡೆದು ಬಿಡುತ್ತದೆ. ದಂಡಿಗೆಯ ಎರಡು ಗುಂಡುಗಳನ್ನು ತುದಿಗೆ ಸರಿಸಿದರೆ ಗಡಿಯಾರ ನಿಧಾನ. ಒಳಕ್ಕೆ ಸರಿಸಿದರೆ ಚುರುಕು.

ಇದನ್ನು ಮರದಲ್ಲಿ ಮಾಡಿ ಮನೆಯ ಅಲಂಕಾರಕ್ಕೆ ಇಡುವ ಹವ್ಯಾಸ ಈಗಲೂ ಉಂಟು. ಆದರೆ ನಮ್ಮ ಬೈರಿದೇವರಕೊಪ್ಪದ ಮಳೆಗಾಲದಲ್ಲಿ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕುವಾಗ, ಮರದ ಹಲ್ಲು ಸುಮ್ಮನಿದ್ದೀತೆ? ಈ ತೊಡಕನ್ನು ಬಿಡಿಸಿದವನು ಒಬ್ಬ ಬಡಗಿ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತನ್ನ ಮೊದಲ ಮರದ ಗಡಿಯಾರವನ್ನು 1713ರಲ್ಲಿ ಮುಗಿಸಿದನು. ಅದಕ್ಕಿದ್ದುದು ದಂಡಿಗೆಯಲ್ಲ, ಲೋಲಕ. ಆದರೆ ಗಾಲಿಯ ಪಾಠ ಎರಡಕ್ಕೂ ಒಂದೇ. ಮರದ ಎಳೆಯು ಪ್ರತಿ ಹಲ್ಲಿನ ಬುಡದಿಂದ ತುದಿಗೆ ಓಡುವಂತೆ ಅವನು ಓಕ್ ತುಂಡುಗಳನ್ನು ಜೋಡಿಸಿದನು. ಮುಂದೆ, ಉಜ್ಜುವ ಕಡೆ ಸಹಜವಾಗಿ ಜಿಡ್ಡುಳ್ಳ ಮರವನ್ನು ಬಳಸಿ, ಎಣ್ಣೆಯ ಗೊಡವೆಯನ್ನೇ ನೀಗಿದನು.

ಮಾಡುವ ಮನಸ್ಸುಳ್ಳವರು ಕುಸುರಿ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿರಿ. ಮೊದಲು ಚೆನ್ನಾಗಿ ಒಣಗಿದ ಮರವನ್ನು ಆರಿಸಿರಿ, ಎಳೆಯನ್ನು ನೋಡಿರಿ, ದಂಡಿಗೆಯ ಎರಡು ಕಡೆಯೂ ಸಮ ತೂಗುವುದೇ ಎಂದು ಪರೀಕ್ಷಿಸಿರಿ. ಬಳಿಕ ಬಾನುಲಿಯ ವೇಳೆ ಕೇಳಿ ಗುಂಡುಗಳನ್ನು ಸರಿಸಬಹುದು. ಸಮತೂಕವಿಲ್ಲದ ಗಡಿಯಾರ ಎಷ್ಟು ಚೆಲುವಾದರೂ ಬರಿಯ ಬೊಂಬೆಯೇ.